ಕುಟ್ರು ಹಕ್ಕಿಗೆ ಹೂವಿನ ಮರ ಸಾಲದು

ಜಯನಗರ, ಬನಶಂಕರಿಗಳ ಬೀದಿಗಳಲ್ಲಿ ಬೆಳಗಿನ ಹೊತ್ತು ‘ಕುಟ್ರೂ ಕುಟ್ರೂ’ ಎಂಬ ಎಡೆಬಿಡದ ಕೂಗು ಕೇಳಿದಾಗ, ಮಲೆನಾಡಿನಿಂದ ಓದಲು ಹೋದ ನಮ್ಮ ಮಕ್ಕಳಿಗೆ ಊರಿನ ತೋಟ ನೆನಪಾಗುವುದು ಸಹಜ. ಹಸಿರು ಮೈ, ಕಂದು ತಲೆ, ಕೆನ್ನೆಯಲ್ಲಿ ಬಿಳುಪು. ನಮ್ಮ ಕಾಫಿ ತೋಟದ ಕುಟ್ರು ಹಕ್ಕಿಯೇ ಅದು. ಪಶ್ಚಿಮಘಟ್ಟ ಮತ್ತು ಅದರ ಆಸುಪಾಸಿನ ಪ್ರದೇಶಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದಿಲ್ಲ. ಮಹಾನಗರದಲ್ಲಿ ಅದು ಹೇಗೆ ಬದುಕಿದೆಯೆಂದು ತಿಳಿಯಲು ಅದರ ಊಟವನ್ನು ಗಮನಿಸಬೇಕು.

ಅತ್ತಿ, ಆಲ, ಅರಳಿ, ಬಸರಿ, ಗೋಣಿ ಮರಗಳ ಹಣ್ಣುಗಳೇ ಅದರ ಮುಖ್ಯ ಆಹಾರ. ರೆಕ್ಕೆಗೆದ್ದಲು ಎದ್ದರೆ ಅದನ್ನೂ ಬಿಡದು. ಬೂರುಗ ಹೂಬಿಟ್ಟಾಗ ಮಕರಂದವನ್ನೂ ಹೀರುತ್ತದೆ. ಹಣ್ಣಿರುವ ಮರಕ್ಕೆ ಕೋಗಿಲೆ ಬಂದರೆ ಅಟ್ಟಿಸಿಕೊಂಡು ಹೋಗುವಷ್ಟು ಜಗಳಗಂಟ ಹಕ್ಕಿ ಇದು! ಈ ಅತ್ತಿ ವರ್ಗದ ಮರಗಳಿಗೊಂದು ವಿಶೇಷ ಗುಣವಿದೆ. ಒಂದು ಮರದ ಕಾಯಿಗಳು ಬಹುಮಟ್ಟಿಗೆ ಒಟ್ಟಿಗೇ ಹಣ್ಣಾದರೂ ಪಕ್ಕದ ಮರ ಅದೇ ತಿಂಗಳು ಹಣ್ಣು ಬಿಡಬೇಕೆಂದಿಲ್ಲ. ಹೀಗಾಗಿ ಬೇರೆ ಮರಗಳು ಬರಿದಾದ ಕಾಲದಲ್ಲಿಯೂ ಎಲ್ಲೋ ಒಂದೆಡೆ ಹಕ್ಕಿಗೆ ಊಟವಿರುತ್ತದೆ. ಆದರೆ ಹಾರುವಷ್ಟು ದೂರದಲ್ಲಿ ಹಲವು ಮರಗಳಿದ್ದಾಗ ಮಾತ್ರ ಈ ಏರ್ಪಾಡು ನಡೆಯುತ್ತದೆ. ಅಶ್ವತ್ಥಕಟ್ಟೆಯ ಒಂದೇ ಅರಳಿಯನ್ನು ಉಳಿಸಿ ಸಮಾಧಾನಪಡುವಂತಿಲ್ಲ.

ಗಸಗಸೆ ಹಣ್ಣಿನ ಮರ ಬೀದಿ ಬೀದಿಯಲ್ಲಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ, ಕುಟ್ರು ಅದನ್ನೂ ತಿನ್ನುತ್ತದೆ. ಆದರೆ ಹಕ್ಕಿ ತಿಂದದ್ದನ್ನೇ ಬಿತ್ತುತ್ತದೆ. ಉಷ್ಣವಲಯದ ಅಮೆರಿಕೆಯಿಂದ ಬಂದ ಮರದ ಹಣ್ಣನ್ನಷ್ಟೇ ಉಣಿಸಿದರೆ ಗೋಣಿ, ಬಸರಿಗಳ ಬೀಜವನ್ನು ಕೊಂಬೆಯ ಕವಲಿಗೆ ಮುಟ್ಟಿಸುವವರಾರು?

2009ರಲ್ಲಿ ಮೆಟ್ರೋ ಮಾರ್ಗಕ್ಕಾಗಿ ನಂದಾ ರಸ್ತೆಯ ಮರಗಳಿಗೆ ಕೊಡಲಿ ಬಿದ್ದಾಗ ನಾಗರಿಕರು ಪ್ರತಿಭಟಿಸಿದರು. ಅಂಥ ಸಂದರ್ಭಗಳಲ್ಲೆಲ್ಲ ಬದಲಿ ಸಸಿಗಳ ಲೆಕ್ಕ ಮುಂದಿಡಲಾಗುತ್ತದೆ. ಲೆಕ್ಕದಲ್ಲಿ ಸಂಖ್ಯೆಯಿರುತ್ತದೆ, ಜಾತಿಯ ಮಾತಿರುವುದಿಲ್ಲ. ಟಬೂಬಿಯಾದ ಒಣಬೀಜ ಗಾಳಿಗೆ ಹಾರುವಂಥದು. ಅದರಲ್ಲಿ ಕುಟ್ರುವಿಗೆ ತುತ್ತೇನೂ ಇಲ್ಲ. ಒಣಕೊಂಬೆಗಳನ್ನೆಲ್ಲ ಸವರಿಹಾಕುವುದೂ ಸಲ್ಲದು. ಕುಟ್ರು ಗೂಡು ಕೊರೆಯುವುದು ಅಂಥ ಮೆತ್ತನೆಯ ಸತ್ತ ಮರದಲ್ಲಿಯೇ. ಜನರ ತಲೆಯ ಮೇಲೆ ಬೀಳದ ಕಡೆ ಅವನ್ನು ಬಿಡಬಹುದಲ್ಲವೇ?

ಪಟ್ಟಣದವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ನಮ್ಮ ತೋಟಗಳಲ್ಲಿಯೂ ಅತ್ತಿ, ಬಸರಿಗಳನ್ನು ತೆಗೆದು ಸಿಲ್ವರ್ ಓಕ್ ನೆಟ್ಟವರು ನಾವೇ. ಮೆಣಸಿನ ಬಳ್ಳಿಗೆ ಅದು ಅನುಕೂಲ, ಮಾರಿದರೆ ಹಣವೂ ಬರುತ್ತದೆ. ಆ ಲೆಕ್ಕವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ತೋಟದ ಅಂಚಿಗೆ, ಹಳ್ಳದ ದಂಡೆಗೆ ನಾಲ್ಕು ಅತ್ತಿ ನಿಲ್ಲಿಸಲು ಯಾವ ನಷ್ಟವೂ ಇಲ್ಲ. ಸಸಿ ಸಿಗದಿದ್ದರೆ ಗೋಣಿಯ ಹಸಿಗೂಟವನ್ನು ಮುಂಗಾರಿನಲ್ಲಿ ನೆಟ್ಟರೂ ಬೇರು ಬಿಡುತ್ತದೆ.