ಕಾಣದ ಸಿಡಿಲು

ಗೌರಿಬಿದನೂರಿನ ಬಳಿ 1976ರಲ್ಲಿ ಕಟ್ಟಿದ ರೇಡಿಯೋ ದೂರದರ್ಶಕವನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಅದರಲ್ಲಿ ಕೊಳವೆಯೂ ಇಲ್ಲ, ಗಾಜೂ ಇಲ್ಲ. ಪೂರ್ವಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರು ದೂರ ಸಾಲುಗಟ್ಟಿದ ಕಂಬಗಳೂ ತಂತಿಗಳೂ ಮಾತ್ರ. ಆಕಾಶದಿಂದ ಬರುವ ಅತಿ ಕ್ಷೀಣವಾದ ಅಲೆಗಳನ್ನು ಹಿಡಿಯುವುದಕ್ಕಾಗಿಯೇ ಅವನ್ನು ಹೂಡಿದುದು. ಬಂದುದನ್ನು ಹಿಡಿಯುವುದು ತಂತಿಯ ಸ್ವಭಾವ. ಬಂದವನು ಮಿತ್ರನೋ ಶತ್ರುವೋ ಎಂದು ಅದು ವಿಚಾರಿಸದು. ಈ ಸ್ವಭಾವವೇ ಯುದ್ಧವಿಮಾನಕ್ಕೆ ಹೇಗೆ ಮುಳುವಾಗಬಲ್ಲದೆಂಬುದನ್ನು ಈ ತಿಂಗಳು ನೋಡೋಣ.

1962ನೆಯ ಇಸವಿಯ ಜುಲೈ ತಿಂಗಳಲ್ಲಿ ಅಮೆರಿಕದವರು ಶಾಂತಸಾಗರದ ಮೇಲೆ, ನೆಲದಿಂದ ಸುಮಾರು 400 ಕಿಲೋಮೀಟರು ಎತ್ತರದಲ್ಲಿ, ಒಂದು ಪರಮಾಣು ಬಾಂಬನ್ನು ಸಿಡಿಸಿದರು. ಅಲ್ಲಿಂದ 1,400 ಕಿಲೋಮೀಟರಿಗೂ ದೂರದ ಹವಾಯಿ ದ್ವೀಪದಲ್ಲಿ ಸುಮಾರು 300 ಬೀದಿದೀಪಗಳು ನಂದಿದವು. ಸದ್ದು ಕೇಳಿಸಲಿಲ್ಲ, ಗಾಳಿ ಬೀಸಲಿಲ್ಲ. ಕಾರಣವಿಷ್ಟೆ: ಸ್ಫೋಟದಿಂದ ಹೊರಟ ಗಾಮಾ ಕಿರಣಗಳು ಮೇಲಿನ ವಾಯುಮಂಡಲದ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತವೆ; ಭೂಮಿಯ ಅಯಸ್ಕಾಂತಶಕ್ತಿಯು ಆ ಎಲೆಕ್ಟ್ರಾನುಗಳನ್ನು ಬಾಗಿಸುತ್ತದೆ; ಬಾಗುವಾಗ ಅವು ಮಹತ್ತಾದ ವಿದ್ಯುತ್ಕಾಂತದ ಮಿಡಿತವೊಂದನ್ನು ಹೊರಡಿಸುತ್ತವೆ. ಇದು ಸೆಕೆಂಡಿನ ನೂರು ಕೋಟಿಯ ಕೆಲವೇ ಭಾಗಗಳಲ್ಲಿ ಮೇಲೇರುವುದರಿಂದ, ಸಾಮಾನ್ಯ ಸಿಡಿಲಿಗೆಂದು ಮಾಡಿದ ರಕ್ಷಣೆ ಎಚ್ಚರಗೊಳ್ಳುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ.

ಹಿಂದಿನ ವಿಮಾನಗಳಲ್ಲಿ ಚಾಲಕನ ಕೈಗೂ ರೆಕ್ಕೆಗೂ ಉಕ್ಕಿನ ಹಗ್ಗಗಳ ಸಂಬಂಧವಿತ್ತು. 2001ನೆಯ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ನಮ್ಮ ತೇಜಸ್ಸಿನಂತಹ ವಿಮಾನಗಳಲ್ಲಿ ಚಾಲಕನ ಇಚ್ಛೆಯನ್ನು ರೆಕ್ಕೆಗೆ ಮುಟ್ಟಿಸುವುದು ಗಣಕಯಂತ್ರ. ಒಂದು ಕೆಟ್ಟರೆ ಇನ್ನೊಂದಿರಲೆಂದು ಅದನ್ನು ನಾಲ್ಕು ಮಡಿ ಮಾಡಿದ್ದಾರೆ. ಆದರೆ ನಾಲ್ಕನ್ನೂ ಒಂದೇ ಕ್ಷಣದಲ್ಲಿ ಮುಟ್ಟುವ ಶತ್ರುವಿನೆದುರು ಎಣಿಕೆಯೊಂದರಿಂದಲೇ ಏನು ಪ್ರಯೋಜನ? ಅವು ಕುರುಡಾದರೆ ಚಾಲಕನ ಹಿಡಿಯಲ್ಲಿ ಉಳಿಯುವುದು ಬರಿಯ ಕೋಲು.

ಹಾಗಾದರೆ ರಕ್ಷಣೆಯೇನು? 1836ರಲ್ಲಿ ಮೈಕೇಲ್ ಫ್ಯಾರಡೆ ಎಂಬ ವಿಜ್ಞಾನಿಯು ಲೋಹದಿಂದ ಮುಚ್ಚಿದ ಕೋಣೆಯೊಳಗೆ ಹೊರಗಿನ ವಿದ್ಯುತ್ತು ಹೊಗದೆಂದು ತೋರಿಸಿದನು. ಉಪಕರಣಗಳನ್ನು ಅಂತಹ ಪೆಟ್ಟಿಗೆಯಲ್ಲಿಡುವುದು ಮೊದಲ ಉಪಾಯ. ಹಗುರವಾಗಲೆಂದು ವಿಮಾನದ ಮೈಗೆ ಇಂಗಾಲದ ನಾರನ್ನು ಬಳಸಿದಾಗ, ಅದು ಅಲ್ಯೂಮಿನಿಯಮ್ಮಿನಷ್ಟು ಚೆನ್ನಾಗಿ ವಿದ್ಯುತ್ತನ್ನು ಹರಿಯಗೊಡದಾದ್ದರಿಂದ, ಅದರೊಡನೆ ಲೋಹದ ತೆಳುವಾದ ಬಲೆಯನ್ನು ಹೊದಿಸಬೇಕಾಗುತ್ತದೆ. ಒಳಹೋಗುವ ಪ್ರತಿಯೊಂದು ತಂತಿಗೂ ಬಾಗಿಲಲ್ಲೇ ಸೋಸುವ ಮತ್ತು ಹೆಚ್ಚಿದ ಒತ್ತಡವನ್ನು ತತ್‌ಕ್ಷಣ ಹೊರಗೇ ಹರಿಸಿಬಿಡುವ ಸಾಧನಗಳನ್ನು ಜೋಡಿಸಬೇಕು. ಸಾಧ್ಯವಾದೆಡೆ ತಂತಿಯನ್ನೇ ಬಿಟ್ಟು ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಸುದ್ದಿ ಕಳುಹಿಸುವುದು ಇನ್ನೂ ಲೇಸು.

ಆದರೂ ಕಷ್ಟವಿರುವುದು ಗೋಡೆಯಲ್ಲಲ್ಲ, ಸಂದಿಯಲ್ಲಿ. ಶಿಡ್ಲಘಟ್ಟದ ಸೋದರಿಯರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ: ಒಂದು ತೂತು ಬಿದ್ದರೂ ಸಾಕು, ರೇಷ್ಮೆಗೂಡು ನೂಲು ತೆಗೆಯಲು ಬಾರದು. ಇಲ್ಲಿಯೂ ಹಾಗೆಯೇ. ಮುಚ್ಚಳದ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣದಾದ ಉದ್ದನೆಯ ಬಿರುಕು, ಹಲವು ಕಿರುತೂತುಗಳಿಗಿಂತ ಹೆಚ್ಚು ಅಲೆಯನ್ನು ಒಳಬಿಡುತ್ತದೆ. ಸಂದಿಗೆ ಲೋಹದ ಪಟ್ಟಿಯಿಟ್ಟು ಬಿಗಿದಿದ್ದರೂ, ಬಣ್ಣವೋ ತುಕ್ಕೋ ನಡುವೆ ಸೇರಿದರೆ ರಕ್ಷಣೆ ಸಡಿಲವಾಗುತ್ತದೆ.

ಇಂತಹ ದೋಷಗಳನ್ನು ಕಂಡುಹಿಡಿಯಲೆಂದೇ ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ ಭಾರಿ ಬಾಂಬರುಗಳನ್ನು ನಿಲ್ಲಿಸಿ ಕೃತಕ ಮಿಡಿತವನ್ನು ಹಾಯಿಸುವ ಅಟ್ಟವೊಂದನ್ನು ಕಟ್ಟಿದರು. ಲೋಹವಿದ್ದರೆ ಪರೀಕ್ಷೆ ಕೆಡುವುದೆಂದು ಅದನ್ನು ಮರದಲ್ಲೇ ಕಟ್ಟಿ, ಬೋಲ್ಟುಗಳನ್ನೂ ಮರದಲ್ಲೇ ಮಾಡಿಸಿದರಂತೆ!

ಬಾಹ್ಯಾಕಾಶದಲ್ಲಿಯೂ ವಾಯುಮಂಡಲದಲ್ಲಿಯೂ ಅಣ್ವಸ್ತ್ರಗಳ ಪರೀಕ್ಷೆಯನ್ನು ನಿಷೇಧಿಸುವ ಒಪ್ಪಂದಕ್ಕೆ 1963ರಲ್ಲಿ ಹಲವು ರಾಷ್ಟ್ರಗಳು ಒಪ್ಪಿದವು. ಈ ಕಾಣದ ಸಿಡಿಲು ಮತ್ತೆಂದೂ ಬಡಿಯದಿರಲೆಂಬುದೇ ನಮ್ಮ ಹಾರೈಕೆ. ಆದರೆ ಹಾರೈಕೆ ಕವಚವಲ್ಲ. ಬೆಂಗಳೂರಿನ ವಿಮಾನದ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳು ನಮ್ಮ ಸೀಮೆಯ ಮನೆಗಳಲ್ಲಿಯೂ ಇದ್ದಾರೆ. ಒಂದು ಮುಚ್ಚಳವನ್ನು ಒರೆಸಿ, ಒಂದು ತಿರುಪನ್ನು ಸರಿಯಾಗಿ ಬಿಗಿಯುವುದು ಹೆಸರು ತರುವ ಕೆಲಸವಲ್ಲ. ಆದರೆ ಮೇಲೆ ಹಾರುವವನ ಪ್ರಾಣವು ಕೆಳಗೆ ನಿಂತವನ ಆ ಶ್ರದ್ಧೆಯಲ್ಲಿದೆ ಎಂಬುದನ್ನು ಅಂತಹ ಮನೆಯ ಹಿರಿಯರು ಮರೆಯದೆ ಮಕ್ಕಳಿಗೆ ಹೇಳಲಿ.