ನೋವನ್ನು ಹಂಚಿಕೊಳ್ಳಿ, ಮಾತ್ರೆಯನ್ನಲ್ಲ

ಫಜ್ರ್ ನಮಾಝ್ ಮುಗಿಸಿ ಹೊರಬರುವ ನಾಲ್ಕಾರು ಮಂದಿ ಮನೆಗೆ ಮರಳಿ ಕಂಬಳಿ ಹೊದೆಯುವ ಬದಲು ಮೈದಾನದತ್ತ ಹೆಜ್ಜೆ ಹಾಕುವುದನ್ನು ಈಗ ಅನೇಕ ಊರುಗಳಲ್ಲಿ ಕಾಣಬಹುದು. ಬೀದರ್, ವಿಜಯಪುರಗಳ ಕಡೆ ಆ ಹೊತ್ತಿಗೆ ಹಲ್ಲು ಕಟಕಟಿಸುವ ಚಳಿ. ಮಂಗಳೂರು, ಉಡುಪಿಗಳಲ್ಲಿ ಅಷ್ಟಿಲ್ಲದಿದ್ದರೂ ಬೆಳಗಿನ ಗಾಳಿ ತಣ್ಣಗೆ ತಾಗುತ್ತದೆ. ಜನವರಿಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವಾಗ ಗಂಟೆ 6.40 ದಾಟಿರುತ್ತದೆ. ಆ ಮಬ್ಬಿನಲ್ಲಿ ಎದ್ದು ಓಡಲು ಮನಸ್ಸು ಗಟ್ಟಿ ಇರಬೇಕು, ಇಲ್ಲವೇ ಬಾಗಿಲ ಬಳಿ ಕಾಯುವ ಗೆಳೆಯ ಇರಬೇಕು. ಹೆಚ್ಚಿನವರನ್ನು ಎಬ್ಬಿಸುವುದು ಎರಡನೆಯದೇ.

ಓಟ ಮುಗಿದ ಮೇಲೆ ಚಹಾದಂಗಡಿಯ ಮುಂದೆ ನಿಂತು ಇವರು ಮಾತನಾಡುವುದನ್ನು ನೀವು ಕೇಳಿರಬಹುದು. ಒಬ್ಬರಿಗೆ ಹಿಮ್ಮಡಿ ನೋವು, ಇನ್ನೊಬ್ಬರಿಗೆ ನಿಲ್ಲದ ಮೂಗಿನ ಸೋರಿಕೆ, ಮತ್ತೊಬ್ಬರಿಗೆ ಓಡಿದ ಮೇಲೆ ಒಣಕೆಮ್ಮು. ಇದನ್ನು ಹರಟೆ ಎಂದು ಬದಿಗೆ ತಳ್ಳುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ನಮ್ಮ ಕುಟುಂಬಗಳಿಗೆ ಖರ್ಚಿಲ್ಲದೆ ಸಿಗುವ ಮೊದಲ ಆರೋಗ್ಯ ತಪಾಸಣೆ ಇದೇ. ಆದರೆ ಒಂದು ಷರತ್ತು ಇದೆ. ಅಲ್ಲಿ ಹಂಚಿಕೊಳ್ಳಬೇಕಾದುದು ತೊಂದರೆಯನ್ನು. ಜೇಬಿನಲ್ಲಿರುವ ಮಾತ್ರೆಯನ್ನಲ್ಲ.

ಹೇಳಲು ಯಾಕೆ ಹಿಂಜರಿಕೆ?

ಸಲಾಮ್ ಹೇಳಿ "ಹೇಗಿದ್ದೀರಿ?" ಎಂದು ಕೇಳಿದರೆ ನಮ್ಮ ಉತ್ತರ ಸಿದ್ಧವಿರುತ್ತದೆ: "ಅಲ್‌ಹಮ್ದುಲಿಲ್ಲಾಹ್, ಚೆನ್ನಾಗಿದ್ದೇನೆ." ಅದು ಒಳ್ಳೆಯ ಮಾತು. ಆದರೆ ಅಲ್ಲಿಗೇ ಮಾತು ಮುಗಿಯಬೇಕೆಂದಿಲ್ಲ. ಕೃತಜ್ಞತೆ ಹೇಳುವುದಕ್ಕೂ ಮೊಣಕಾಲು ನೋಯುತ್ತಿದೆ ಎನ್ನುವುದಕ್ಕೂ ವಿರೋಧವಿಲ್ಲ. ಸಣ್ಣ ನೋವನ್ನು ಹೇಳಿಕೊಂಡರೆ ದೂರು ಹೇಳಿದಂತಾಗುತ್ತದೆ ಎಂದು ಹಿರಿಯರು ಭಾವಿಸುತ್ತಾರೆ. ಹೇಳಿದರೆ ನಗುತ್ತಾರೆ ಎಂದು ಯುವಕರು ಸುಮ್ಮನಾಗುತ್ತಾರೆ. ಮನೆಯಲ್ಲಿ ಹೇಳಿದರೆ ನಾಳೆಯಿಂದ ಓಟವೇ ನಿಂತುಹೋದೀತು ಎಂಬ ಭಯ ಇನ್ನು ಕೆಲವರಿಗೆ.

ವೈದ್ಯರು ನಿಮ್ಮನ್ನು ವರ್ಷದಲ್ಲಿ ಒಂದೆರಡು ಬಾರಿ, ಅದೂ ಕೆಲವೇ ನಿಮಿಷ ನೋಡುತ್ತಾರೆ. ದಿನಾ ಜೊತೆಗೆ ಓಡುವವರು ನಿಮ್ಮ ಉಸಿರು, ನಡಿಗೆ, ಮುಖದ ಬಣ್ಣ ಎಲ್ಲವನ್ನೂ ನೋಡುತ್ತಿರುತ್ತಾರೆ. "ಕಳೆದ ವಾರ ಈ ಏರನ್ನು ಮಾತನಾಡುತ್ತಲೇ ಹತ್ತಿದಿರಿ, ಇವತ್ತು ಯಾಕೆ ನಿಂತಿರಿ?" ಎಂದು ಕೇಳಬಲ್ಲವರು ಅವರೇ.

ಚಳಿಯಲ್ಲಿ ಆಗುವುದೇನು?

ಚಳಿಗಾಲದ ಹೆಚ್ಚಿನ ತೊಂದರೆಗಳು ನಿಜಕ್ಕೂ ಸಣ್ಣವು. ಕಾರಣ ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಮೂಗು ಒಳಹೋಗುವ ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಸೇರಿಸಿ ಒಳಗೆ ಕಳಿಸುತ್ತದೆ. ತಣ್ಣಗಿನ ಒಣ ಗಾಳಿಗೆ ಅದು ಹೆಚ್ಚು ದುಡಿಯಬೇಕು, ಅದಕ್ಕೇ ಸೋರುತ್ತದೆ. ವೇಗವಾಗಿ ಓಡುವಾಗ ಬಾಯಿಯಿಂದ ಉಸಿರಾಡುತ್ತೇವೆ. ಆಗ ತಣ್ಣನೆಯ ಗಾಳಿ ನೇರವಾಗಿ ಶ್ವಾಸನಾಳಕ್ಕೆ ಹೋಗಿ ಅದನ್ನು ಒಣಗಿಸುತ್ತದೆ. ಕೆಲವರಿಗೆ ನಾಳ ಬಿಗಿದುಕೊಂಡು ಕೆಮ್ಮು, ಎದೆಯಲ್ಲಿ ಸುಂಯ್‌ ಶಬ್ದ ಬರುತ್ತದೆ. ಬಾಯಿ ಮೂಗಿಗೆ ತೆಳುವಾದ ಮಫ್ಲರ್ ಸುತ್ತಿಕೊಳ್ಳುವುದು, ಮೊದಲ ಹತ್ತು ನಿಮಿಷ ನಡೆದು ಆಮೇಲೆ ಓಡುವುದು ಇದಕ್ಕೆ ಸುಲಭ ಉಪಾಯ. ಸುಂಯ್‌ ಶಬ್ದ ಪ್ರತಿದಿನ ಬರುತ್ತಿದ್ದರೆ ಅದು ಅಸ್ತಮಾ ಇರಬಹುದು, ವೈದ್ಯರಿಗೆ ತೋರಿಸಿ. ಇನ್‌ಹೇಲರ್ ಬಳಸುವವರು ಅದನ್ನು ಮನೆಯಲ್ಲಿ ಬಿಟ್ಟು ಓಡಬಾರದು. ಕಸಕ್ಕೆ ಬೆಂಕಿ ಹಾಕಿದ ಹೊಗೆ ಚಳಿಗಾಲದ ಬೆಳಿಗ್ಗೆ ಮೇಲೇರದೆ ನೆಲಮಟ್ಟದಲ್ಲೇ ನಿಲ್ಲುತ್ತದೆ. ಅಂಥ ರಸ್ತೆಯನ್ನು ಬಿಟ್ಟು ಬೇರೆ ದಾರಿ ಹಿಡಿಯಿರಿ.

ನೆಗಡಿ ಆದಾಗ ಓಡಬಹುದೇ ಎಂಬ ಪ್ರಶ್ನೆ ಸದಾ ಇದ್ದದ್ದೇ. ತೊಂದರೆ ಕುತ್ತಿಗೆಯಿಂದ ಮೇಲಿದ್ದರೆ, ಅಂದರೆ ಮೂಗು ಸೋರುವುದು, ಸೀನು ಮಾತ್ರ ಇದ್ದರೆ, ನಿಧಾನಕ್ಕೆ ಓಡಬಹುದು. ಜ್ವರ, ಮೈಕೈ ನೋವು, ಎದೆಯಿಂದ ಬರುವ ಕೆಮ್ಮು ಇದ್ದರೆ ಶೂ ಮುಟ್ಟಬೇಡಿ. ಜ್ವರದಲ್ಲಿ ಓಡಿ ಬೆವರು ಹರಿಸಿದರೆ ಜ್ವರ ಇಳಿಯುತ್ತದೆ ಎಂಬುದು ತಪ್ಪು ನಂಬಿಕೆ. ವೈರಸ್ ಸೋಂಕು ಕೆಲವೊಮ್ಮೆ ಹೃದಯದ ಸ್ನಾಯುವಿಗೂ ತಗಲುತ್ತದೆ, ಆ ಹೊತ್ತಿನಲ್ಲಿ ದೇಹವನ್ನು ದಂಡಿಸುವುದು ಅಪಾಯ.

ಬೆಳಿಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಾಗಿ, ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆಯಾಗುತ್ತದೆಯೇ? ಅಂಗಾಲಿನ ಪಟ್ಟಿಯಂಥ ಅಂಗಾಂಶಕ್ಕೆ ಹೆಚ್ಚು ಕೆಲಸ ಬಿದ್ದಿದೆ ಎಂದರ್ಥ. ಕೆಲವು ದಿನ ಓಟ ಕಡಿಮೆ ಮಾಡಿ, ಮೀನಖಂಡವನ್ನು ನಿಧಾನಕ್ಕೆ ಎಳೆಯುವ ವ್ಯಾಯಾಮ ಮಾಡಿ, ಸವೆದ ಶೂ ಬದಲಿಸಿ. ಹೆಚ್ಚಿನ ಕಾಲುನೋವುಗಳಿಗೆ ಕಾರಣ ಚಳಿಯಲ್ಲ, ಆತುರ. ಡಿಸೆಂಬರಿನಲ್ಲಿ ಶುರುಮಾಡಿ ಎರಡೇ ವಾರದಲ್ಲಿ ಐದು ಕಿಲೋಮೀಟರ್ ಮುಟ್ಟಬೇಕೆಂಬ ಹಟ.

ಕಾಲಿನ ಬಗ್ಗೆ ನಮ್ಮ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ದಿನಕ್ಕೆ ಐದು ಬಾರಿ ವುಝೂ ಮಾಡುವವರ ಪಾದ ಸ್ವಚ್ಛವಾಗಿರುತ್ತದೆ, ನಿಜ. ಆದರೆ ಚಳಿಗೆ ಅವಸರಪಟ್ಟು ಒದ್ದೆ ಪಾದಕ್ಕೇ ಸಾಕ್ಸ್ ಏರಿಸಿ ಓಡಿದರೆ ಬೆರಳುಗಳ ಸಂದಿಯಲ್ಲಿ ತೇವ ಉಳಿದು ಶಿಲೀಂಧ್ರ ಸೋಂಕು ಹತ್ತುತ್ತದೆ. ಬೆರಳ ಸಂದಿಗಳನ್ನು ಬಟ್ಟೆಯಿಂದ ಒರೆಸಿ, ಆಮೇಲೆ ಸಾಕ್ಸ್ ಹಾಕಿ. ಬಿರಿದ ಹಿಮ್ಮಡಿಗೆ ರಾತ್ರಿ ವ್ಯಾಸಲೀನ್ ಅಥವಾ ತೆಂಗಿನೆಣ್ಣೆ ಸವರಿ, ಬೆರಳ ಸಂದಿಗೆ ಮಾತ್ರ ಬೇಡ. ಸಕ್ಕರೆ ಕಾಯಿಲೆ ಇರುವವರು ಪ್ರತಿದಿನ ಅಂಗಾಲನ್ನು ನೋಡಿಕೊಳ್ಳಬೇಕು. ಅವರ ಪಾದದ ಸ್ಪರ್ಶ ಕುಂದಿರಬಹುದು. ಬೊಬ್ಬೆ ಎದ್ದರೂ ತಿಳಿಯದು, ಚಳಿಗೆಂದು ಸುಡುನೀರಿನಲ್ಲಿ ಕಾಲಿಟ್ಟರೂ ತಿಳಿಯದು.

ಜೇಬಿನ ಮಾತ್ರೆ

ಇನ್ನು ನನ್ನ ತಕರಾರು. "ನನಗೂ ಹೀಗೇ ಆಗಿತ್ತು, ಇದನ್ನು ನುಂಗು, ಸಂಜೆಗೆ ಸರಿಹೋಗುತ್ತದೆ" ಎಂದು ಪ್ರೀತಿಯಿಂದ ಚಾಚುವ ಕೈಯನ್ನು ಬೇಡವೆನ್ನುವುದು ಕಷ್ಟ. ಆದರೆ ಬೇಡವೆನ್ನಲೇಬೇಕು. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಖಾಲಿ ಹೊಟ್ಟೆಗೆ ಹುಣ್ಣು ತರಬಲ್ಲವು. ಬಿಪಿ ಏರಿಸಬಲ್ಲವು, ಮೂತ್ರಪಿಂಡಕ್ಕೆ ಹೊರೆಯಾಗಬಲ್ಲವು. ಚಳಿಗಾಲದಲ್ಲಿ ಬಾಯಾರಿಕೆ ತಿಳಿಯದೆ ನಾವು ನೀರು ಕಡಿಮೆ ಕುಡಿಯುತ್ತೇವೆ, ಹಾಗಾಗಿ ಮೂತ್ರಪಿಂಡಕ್ಕೆ ಇನ್ನಷ್ಟು ಕಷ್ಟ. ಗೆಳೆಯನಿಗೆ ಬಿಪಿ ಇದೆಯೋ, ಅವನು ಬೇರೆ ಯಾವ ಮದ್ದು ತೆಗೆದುಕೊಳ್ಳುತ್ತಿದ್ದಾನೋ ನಿಮಗೆ ಗೊತ್ತಿಲ್ಲ. ಅದು ಗೊತ್ತಿಲ್ಲದೆ ಕೊಡುವ ಮಾತ್ರೆ ಉಪಕಾರವಾಗದು.

ಉಳಿದ ಆಂಟಿಬಯಾಟಿಕ್ ಕೊಡುವುದು ಇನ್ನೂ ಕೆಟ್ಟದ್ದು. ಸಾಮಾನ್ಯ ನೆಗಡಿ ವೈರಸ್‌ನಿಂದ ಬರುತ್ತದೆ, ಆಂಟಿಬಯಾಟಿಕ್ ಅದಕ್ಕೆ ತಾಗುವುದಿಲ್ಲ. ಅನಗತ್ಯವಾಗಿ ತಿಂದರೆ ನಾಳೆ ನಿಜಕ್ಕೂ ಬೇಕಾದಾಗ ಅದು ಕೆಲಸ ಮಾಡದೆ ಹೋಗಬಹುದು. ಔಷಧದ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದು ಎಂದರ್ಥ. 2016ರಲ್ಲಿ ಕೇಂದ್ರ ಸರಕಾರ ಈ ಗೆರೆಯ ಬಗ್ಗೆ ಪ್ರಚಾರವನ್ನೇ ನಡೆಸಿತು. ಮಕ್ಕಳಿಗೂ ಈ ಗುರುತನ್ನು ತೋರಿಸಿಕೊಡಿ.

'ಗ್ಯಾಸ್' ಎಂಬ ಸಮಾಧಾನ

ಮಾತ್ರೆ ಹಂಚುವುದರ ನಿಜವಾದ ಅಪಾಯ ಇಲ್ಲಿದೆ. ಓಡುವಾಗ ಎದೆಯ ನಡುವೆ ಭಾರ ಇಟ್ಟಂತಾಗುತ್ತದೆ. ನಿಂತು ಎರಡು ನಿಮಿಷ ಸುಧಾರಿಸಿಕೊಂಡರೆ ಹೋಗುತ್ತದೆ. ಜೊತೆಗಾರರು "ಗ್ಯಾಸ್ ಇರಬೇಕು, ರಾತ್ರಿ ಬಿರಿಯಾನಿ ಜಾಸ್ತಿ ಆಯ್ತು" ಎಂದು ಗ್ಯಾಸ್ಟ್ರಿಕ್ ಮಾತ್ರೆಯನ್ನೋ ಸೋಡಾವನ್ನೋ ಕೊಡುತ್ತಾರೆ. ಎಲ್ಲರೂ ನಗುತ್ತಾ ಮನೆಗೆ ಹೋಗುತ್ತಾರೆ.

ಮೊಣಕಾಲಿನ ನೋವು ನಿಂತ ಕೂಡಲೇ ಹೋದರೆ ಸಾಮಾನ್ಯವಾಗಿ ಸಮಾಧಾನಪಡಬಹುದು. ಎದೆಯ ನೋವಿಗೆ ಈ ಲೆಕ್ಕ ತಿರುಗುಮುರುಗು. ಶ್ರಮಪಟ್ಟಾಗ ಬಂದು ವಿಶ್ರಾಂತಿಯಲ್ಲಿ ಹೋಗುವ ಎದೆಬಿಗಿತ ಹೃದಯದ ರಕ್ತನಾಳ ಕಿರಿದಾಗಿರುವುದರ ಸೂಚನೆ ಇರಬಹುದು. ಚಳಿಗೆ ರಕ್ತನಾಳಗಳು ಸಂಕುಚಿಸುತ್ತವೆ, ಬಿಪಿ ಏರುತ್ತದೆ, ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಹೃದಯಾಘಾತಗಳು ಚಳಿಗಾಲದಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಹೆಚ್ಚು ಎಂಬುದು ವೈದ್ಯರಿಗೆ ಬಹಳ ಹಿಂದಿನಿಂದಲೂ ತಿಳಿದ ಸಂಗತಿ. ನೋವು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯಬಹುದು. ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಮಹಿಳೆಯರಲ್ಲಿ ನೋವೇ ಇಲ್ಲದೆ ಬರೀ ಉಸಿರುಕಟ್ಟು, ಸುಸ್ತು, ವಾಕರಿಕೆಯಾಗಿಯೂ ಕಾಣಿಸಬಹುದು.

ಹೀಗೆ ಬಂದು ಹೋದರೆ ಓಟ ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಿರಿ. ನೋವು ಹೋಗದಿದ್ದರೆ, ತಣ್ಣನೆಯ ಬೆವರು ಬಂದರೆ ಕೂಡಲೇ 108ಕ್ಕೆ ಕರೆ ಮಾಡಿ. ರಾಜ್ಯದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಜಿಲ್ಲಾ, ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ಅಗತ್ಯವಿದ್ದವರಿಗೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ಊರಿಗೆ ಹತ್ತಿರದ ಅಂಥ ಆಸ್ಪತ್ರೆ ಯಾವುದೆಂದು ಈಗಲೇ ವಿಚಾರಿಸಿಟ್ಟುಕೊಳ್ಳಿ. ಜೋರಾಗಿ ಕೆಮ್ಮಿದರೆ ಹೃದಯಾಘಾತದಿಂದ ಪಾರಾಗಬಹುದು ಎಂದು ಮೊಬೈಲ್‌ನಲ್ಲಿ ಸುತ್ತುವ ಸಂದೇಶವನ್ನು ನಂಬಿ ಸಮಯ ಕಳೆಯಬೇಡಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಜೊತೆಗಾರರಿಂದ ಮುಚ್ಚಿಡಬಾರದು. ಖಾಲಿ ಹೊಟ್ಟೆಯಲ್ಲಿ ಓಡುವಾಗ ಸಕ್ಕರೆ ಅಂಶ ಕುಸಿದು ನಡುಕ, ಬೆವರು, ತೊದಲು ಮಾತು ಬರಬಹುದು. ಗೊತ್ತಿರುವ ಗೆಳೆಯ ತಕ್ಷಣ ಸಕ್ಕರೆ ಅಥವಾ ಗ್ಲೂಕೋಸ್ ಕೊಡುತ್ತಾನೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಆಸ್ಪತ್ರೆಗೆ ಒಯ್ಯಬೇಕು. ಗೊತ್ತಿಲ್ಲದ ಗೆಳೆಯ ಏನು ಮಾಡಬಲ್ಲ?

ಮಹಿಳೆಯರ ಗೆಳೆತನ ಎಲ್ಲಿ?

ಇಷ್ಟು ಹೊತ್ತು ಹೇಳಿದ್ದು ಹೆಚ್ಚಾಗಿ ಗಂಡಸರ ಕತೆ. ಅವರಿಗೆ ಮೈದಾನ ಇದೆ, ಚಹಾದಂಗಡಿ ಇದೆ. ಅದೇ ಹೊತ್ತಿನಲ್ಲಿ ಮನೆಯ ಹೆಂಗಸರು ತಿಂಡಿ, ಮಕ್ಕಳ ಟಿಫಿನ್, ಮದ್ರಸದ ಗಡಿಬಿಡಿಯಲ್ಲಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ವ್ಯಾಯಾಮ ಬೇಕು. ಅದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಮನೆಗೆಲಸವೇ ವ್ಯಾಯಾಮ ಎಂದು ಹೇಳಿ ಜಾರಿಕೊಳ್ಳಬೇಡಿ. ಒಲೆಯ ಮುಂದೆ ನಿಂತರೆ ಕಾಲು ಊದುತ್ತದೆಯೇ ಹೊರತು ಉಸಿರು ಗಟ್ಟಿಯಾಗುವುದಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು, ಇತರರಿಗಿಂತ ಹೆಚ್ಚು ಚಳಿ. ಇವನ್ನೆಲ್ಲ ಆಕೆ "ವಯಸ್ಸಾಯಿತು" ಎಂದು ನುಂಗಿಕೊಳ್ಳುತ್ತಾಳೆ. ಪಕ್ಕದ ಮನೆಯ ಇಬ್ಬರು ಮೂವರು ಸೇರಿ ಬಿಸಿಲು ಬಂದ ಮೇಲೆ ಅರ್ಧ ಗಂಟೆ ನಡೆದರೆ, ಬೀದಿ ಬೇಡವೆಂದರೆ ತಾರಸಿಯ ಮೇಲೆ ನಡೆದರೆ, ಈ ಮಾತು ಒಬ್ಬಳ ಬಾಯಿಯಿಂದಲಾದರೂ ಹೊರಬೀಳುತ್ತದೆ. ಆಗ ರಕ್ತ ಪರೀಕ್ಷೆ ಮಾಡಿಸಲು ಜೊತೆ ಸಿಗುತ್ತದೆ. ಗಂಡಸರು ಮಾಡಬೇಕಾದದ್ದು ಇಷ್ಟೇ: ಓಡಿ ಬಂದ ಮೇಲೆ ಆ ಅರ್ಧ ಗಂಟೆ ಮಕ್ಕಳನ್ನು ನೋಡಿಕೊಳ್ಳುವುದು.

ಹೇಗೆ ಕೇಳಬೇಕು?

ಗೆಳೆಯ ತೊಂದರೆ ಹೇಳಿದಾಗ ಮದ್ದು ಹೇಳುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಯಾವಾಗ ಶುರುವಾಯಿತು? ದಿನೇ ದಿನೇ ಹೆಚ್ಚುತ್ತಿದೆಯೇ, ಕಡಿಮೆಯಾಗುತ್ತಿದೆಯೇ? ಓಡುವಾಗ ಬರುತ್ತದೆಯೇ, ಸುಮ್ಮನಿದ್ದಾಗಲೂ ಇರುತ್ತದೆಯೇ? ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಇದೆಯೇ? ಹೆಚ್ಚುತ್ತಿದ್ದರೆ, ಎರಡು ವಾರ ಕಳೆದರೂ ಹೋಗದಿದ್ದರೆ, ಎದೆ ಅಥವಾ ಉಸಿರಿಗೆ ಸಂಬಂಧಿಸಿದ್ದಾದರೆ "ವೈದ್ಯರನ್ನು ಕಾಣು" ಎಂದು ಹೇಳಿ ಸುಮ್ಮನಾಗಬೇಡಿ. "ನಡೆ, ನಾನೂ ಬರುತ್ತೇನೆ" ಎನ್ನಿ. ಎಷ್ಟೋ ಮಂದಿ ಆಸ್ಪತ್ರೆಗೆ ಹೋಗದಿರುವುದು ಹಣವಿಲ್ಲದೆ ಮಾತ್ರವಲ್ಲ, ಏನು ಹೇಳಿಬಿಡುತ್ತಾರೋ ಎಂಬ ಹೆದರಿಕೆಯಿಂದ.

ಕೇಳಿದ್ದನ್ನು ಅಮಾನತ್ ಎಂದು ಭಾವಿಸಿ. ಒಬ್ಬನ ಸಕ್ಕರೆ ಕಾಯಿಲೆ ಮರುದಿನ ಇಡೀ ಮೊಹಲ್ಲಾದ ಸುದ್ದಿಯಾದರೆ, ಅವನಷ್ಟೇ ಅಲ್ಲ, ಉಳಿದವರೂ ಬಾಯಿ ಮುಚ್ಚುತ್ತಾರೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಮದುವೆ ಮಾತುಕತೆಗೂ ಅಡ್ಡಿಯಾಗಬಹುದು.

ನಾಳೆ ಬೆಳಿಗ್ಗೆ ಜೊತೆಗಾರರು ಸಿಕ್ಕಾಗ ಒಂದು ಕೆಲಸ ಮಾಡಿ. ಓಡುತ್ತಾ ಓಡುತ್ತಾ ಮಾತನಾಡಿ. ಪೂರ್ತಿ ವಾಕ್ಯ ಹೇಳಲು ಆಗದಷ್ಟು ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದು ತಿಳಿದು ನಿಧಾನಿಸಿ. ನಾಲ್ಕು ಮಂದಿಯಲ್ಲಿ ಕೆಲವು ದಿನಗಳಿಂದ ಮಾತೇ ಆಡದೆ ಹಿಂದೆ ಉಳಿಯುತ್ತಿರುವವರು ಯಾರಾದರೂ ಇದ್ದರೆ ಅವರ ಪಕ್ಕಕ್ಕೆ ಹೋಗಿ ಇನ್ನೊಮ್ಮೆ ಕೇಳಿ: "ನಿಜವಾಗಿ ಹೇಗಿದ್ದೀರಿ?"