ಗೃಹಾರೋಗ್ಯ: ಮುಚ್ಚಿಡಬಾರದ ಎರಡು ಬೇನೆಗಳು

ನ್ಯಾಮತಿಯ ಕಡೆಯ ಒಂದು ಅಡಕೆ ತೋಟದ ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಹದಿನೇಳು ವರ್ಷದ ಹುಡುಗನು ಕಾಲೇಜಿಗೆ ಹೋಗಲೊಲ್ಲನು, ಸ್ನಾನವನ್ನು ಬಿಟ್ಟಿದ್ದಾನೆ, ಯಾರೂ ಇಲ್ಲದೆಡೆ ಮಾತನಾಡುತ್ತಾನೆ, ನೆರೆಯವರು ತನಗೆ ಕೇಡು ಬಗೆಯುತ್ತಿರುವರೆಂದು ನಂಬಿದ್ದಾನೆ. ಒಂದು ದಿನ ಅವನ ಜೇಬಿನಲ್ಲಿ ಗಾಂಜಾ ಸಿಕ್ಕುತ್ತದೆ. ತಂದೆಯು ಎಲ್ಲವೂ ಚಟದ ಫಲವೆಂದು ಬಡಿಗೆಯನ್ನೆತ್ತುತ್ತಾನೆ. ಅಜ್ಜಿಯು ಗಾಳಿ ಸೋಕಿತೆಂದು ತಾಯಿತ ಕಟ್ಟಿಸುತ್ತಾಳೆ. ಇಬ್ಬರೂ ಮಗುವಿನ ಹಿತವನ್ನೇ ಬಯಸುವವರು. ಆದರೆ ಅಮೂಲ್ಯವಾದ ಕಾಲವು ಕಳೆದುಹೋಗುತ್ತದೆ.

ಇಂತಹ ಲಕ್ಷಣಗಳು ಸ್ಕಿಜೋಫ್ರೀನಿಯಾ, ಎಂದರೆ ಇಚ್ಚಿತ್ತ ವಿಕಲತೆ ಎಂಬ ವ್ಯಾಧಿಯವಾಗಿರಬಹುದು. ಹರೆಯದ ಕೊನೆಯಲ್ಲಿಯೂ ಇಪ್ಪತ್ತರ ವಯಸ್ಸಿನಲ್ಲಿಯೂ ಇದು ತಲೆದೋರುವುದು ಹೆಚ್ಚು. ಗಾಂಜಾಕ್ಕೂ ಇದಕ್ಕೂ ನಂಟುಂಟು. ಸ್ವೀಡನ್ ದೇಶದಲ್ಲಿ ಸೈನ್ಯಕ್ಕೆ ಕರೆಯಲ್ಪಟ್ಟ 45,000ಕ್ಕೂ ಮಿಕ್ಕ ತರುಣರನ್ನು ಹದಿನೈದು ವರ್ಷ ಗಮನಿಸಿ 1987ರಲ್ಲಿ ಪ್ರಕಟಿಸಿದ ವರದಿಯಂತೆ, 50ಕ್ಕಿಂತ ಹೆಚ್ಚು ಸಲ ಅದನ್ನು ಸೇದಿದ್ದವರಲ್ಲಿ ಈ ವ್ಯಾಧಿಯು ಸೇದದವರಲ್ಲಿದ್ದುದರ ಆರರಷ್ಟಿತ್ತು. ಆದರೂ ಸೇದಿದವರೆಲ್ಲರಿಗೂ ಇದು ಬರುವುದಿಲ್ಲ, ವಂಶಗುಣವೂ ಕಾರಣ. ಮತ್ತೆ, ವ್ಯಾಧಿಯ ಭಯವನ್ನೂ ನಿದ್ರಾಹೀನತೆಯನ್ನೂ ತಾಳಲಾರದೆ ಅಮಲಿಗೆ ಕೈಚಾಚುವವರೂ ಉಂಟು. ಆದುದರಿಂದ ಯಾವುದು ಮೊದಲೆಂಬ ಜಗಳವನ್ನು ಬಿಟ್ಟು, ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಮಾಡಿಸತಕ್ಕದ್ದು. ಚಟ ಬಿಟ್ಟ ಮೇಲೆ ಔಷಧವೆಂಬುದು ಸರ್ವಥಾ ಸಲ್ಲದು.

ಮನೆಯವರು ರೋಗವನ್ನು ಹೇಳಿದರೂ ಚಟವನ್ನು ಮರ್ಯಾದೆಗಂಜಿ ವೈದ್ಯರಿಂದ ಮುಚ್ಚಿಡುವುದುಂಟು. ಇದರಿಂದ ಕೇಡೇ ಹೆಚ್ಚು. ಬೀಡಿ ಸಿಗರೇಟುಗಳ ಹೊಗೆಯು ಓಲಾಂಜಪಿನ್, ಕ್ಲೋಜಪಿನ್ ಎಂಬ ಔಷಧಗಳನ್ನು ದೇಹದಲ್ಲಿ ಬೇಗನೆ ಕರಗಿಸುತ್ತದೆ. ಸೇದುವುದು ಹಠಾತ್ತಾಗಿ ನಿಂತರೆ ಅದೇ ಪ್ರಮಾಣವು ಅತಿಯಾಗಬಹುದು. ದಿನವೂ ಮದ್ಯ ಕುಡಿಯುತ್ತಿದ್ದವನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಅಪಾಯವುಂಟು. ಇವೆಲ್ಲವೂ ವೈದ್ಯರಿಗೆ ತಿಳಿದಿರಲೇಬೇಕು. ರೋಗಿಯ ಗುಟ್ಟನ್ನು ಕಾಯತಕ್ಕದ್ದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೇ ವಿಧಿಸಿದೆ.

ನೆರೆಯ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2005ರಿಂದ ಹಳ್ಳಿಗಳಲ್ಲಿಯೇ ಈ ರೋಗಿಗಳನ್ನು ಗುರುತಿಸಿ ಚಿಕಿತ್ಸೆಗೆ ಏರ್ಪಾಡು ಮಾಡಿದರು. ಔಷಧವನ್ನು ಸೇವಿಸಿದವರು, ಸೇವಿಸದವರಿಗಿಂತ ದಿನದ ಕೆಲಸಕಾರ್ಯಗಳಲ್ಲಿ ಸಮರ್ಥರಾಗಿದ್ದುದು ಅಲ್ಲಿ ಕಂಡುಬಂದಿತು. ಹಳ್ಳಿಯ ಮನೆಯಲ್ಲಿದ್ದುಕೊಂಡೇ ಗುಣವನ್ನು ಕಾಣಬಹುದೆಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನವು ಬೇಕೆ?

ತಾಯಂದಿರಲ್ಲಿ ನಮ್ಮ ಬಿನ್ನಹವಿಷ್ಟೆ. ಹುಡುಗನು ಶಾಂತನಾಗಿರುವಾಗ ಪಕ್ಕದಲ್ಲಿ ಕುಳಿತು, ‘ನಿದ್ದೆ ಬರುತ್ತಿದೆಯೇನಪ್ಪಾ? ಏನಾದರೂ ಕೇಳಿಸುತ್ತಿದೆಯೆ?’ ಎಂದು ವಿಚಾರಿಸಿರಿ. ಅವನ ಮಾತನ್ನು ಅಲ್ಲಗಳೆಯಬೇಡಿರಿ, ಹಂಗಿಸಬೇಡಿರಿ. ದಾರಿ ತೋರದಿದ್ದರೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರದ ಉಚಿತ ದೂರವಾಣಿಗೆ, 14416ಕ್ಕೆ, ಕರೆ ಮಾಡಿರಿ. ಹಗಲಿರುಳೂ ಕನ್ನಡದಲ್ಲಿಯೇ ಸಲಹೆ ದೊರೆಯುವುದು. ಅವನು ಸಾಯುವ ಮಾತನ್ನಾಡಿದರೆ ಒಂಟಿಯಾಗಿ ಬಿಡದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರೆದುರಿಗೆ ಎರಡು ಬೇನೆಗಳನ್ನೂ ಹೇಳಿರಿ. ಮನೆಯ ಮಾನವು ಮಗುವಿನ ಪ್ರಾಣಕ್ಕಿಂತ ದೊಡ್ಡದಲ್ಲ.